ಎಂಟನೇ ಸೆಮಿಸ್ಟರ್‌ನಲ್ಲಿರುವ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ



ಹಾಸನ, ಹಾವೇರಿ, ಚಿತ್ರದುರ್ಗ, ಬೀದರ್, ಬಾಗಲಕೋಟೆಯಂಥ ಊರುಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷ ಓದುತ್ತಿರುವ ನಿಮಗೆ ಈ ಪತ್ರ. ಬೆಂಗಳೂರಿನ ಹೆಸರುವಾಸಿ ಕಾಲೇಜುಗಳ ಮಕ್ಕಳಿಗೆ ದಾರಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಕಾಲೇಜಿಗೆ ಈ ಸಲ ಎಷ್ಟು ಕಂಪನಿಗಳು ಬಂದವು, ಬಂದವರು ಎಷ್ಟು ಜನರನ್ನು ಆರಿಸಿಕೊಂಡರು ಎನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಲೇ ತಲೆ ನರೆತವನು. ಹೊಸಬರನ್ನು ಆರಿಸುವ ಸಂದರ್ಶನಗಳಲ್ಲಿ ಕೂರುವುದೂ ನನ್ನ ಕೆಲಸದ ಒಂದು ಭಾಗ. ಊರಿಗೆ ಹೋದಾಗಲೆಲ್ಲ ನಿಮ್ಮಂಥವರು, ನಿಮ್ಮ ಅಪ್ಪ-ಅಮ್ಮಂದಿರು ಕೇಳುವುದು ಒಂದೇ ಪ್ರಶ್ನೆ: "ಸಾರ್, ಸಿಎಸ್‌ಗೆ ಇನ್ನೂ ಸ್ಕೋಪ್ ಇದೆಯಾ?" ಮದುವೆ ಮನೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ನಿಂತುಕೊಂಡು ಕೊಡುವ ಉತ್ತರ ಅರ್ಧಂಬರ್ಧವಾಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಈ ವಿದ್ಯೆಗೆ ಕೆಲಸ ಇದೆ, ಮುಂದೆಯೂ ಇರುತ್ತದೆ. ಆದರೆ ಮೊದಲ ಕೆಲಸ ಸಿಗುವುದು ನಿಮ್ಮ ಅಣ್ಣಂದಿರ, ಅಕ್ಕಂದಿರ ಕಾಲಕ್ಕಿಂತ ಬಹಳ ಕಷ್ಟವಾಗಿದೆ. ಇವೆರಡೂ ಒಟ್ಟಿಗೇ ನಿಜ. ಕಾಲೇಜಿನ ಬ್ರೋಷರ್ ಮೊದಲನೆಯದನ್ನು ಮಾತ್ರ ಹೇಳುತ್ತದೆ, ವಾಟ್ಸ್ಆ್ಯಪ್ ಗುಂಪುಗಳು ಎರಡನೆಯದನ್ನು ಮಾತ್ರ ಹೇಳುತ್ತವೆ.

ನೀವು ಸಿಇಟಿ ಕೌನ್ಸೆಲಿಂಗ್‌ನಲ್ಲಿ ಆಪ್ಷನ್ ಎಂಟ್ರಿ ಮಾಡಿದ್ದು 2022ರಲ್ಲಿ. ಆಗಿನ ಗಾಳಿಯನ್ನು ನೆನಪಿಸಿಕೊಳ್ಳಿ. ಕೋವಿಡ್ ಕಾಲದಲ್ಲಿ ಜಗತ್ತಿನ ಅಂಗಡಿ, ಬ್ಯಾಂಕು, ಶಾಲೆಗಳೆಲ್ಲ ಒಮ್ಮೆಲೇ ಆನ್‌ಲೈನ್ ಆಗಿದ್ದವು. ಅಮೆರಿಕದಲ್ಲಿ ಬಡ್ಡಿ ದರ ಸೊನ್ನೆಯ ಹತ್ತಿರವಿದ್ದು ಕಂಪನಿಗಳಿಗೆ ಹಣ ಅಗ್ಗವಾಗಿತ್ತು. 2021-22ರ ಒಂದೇ ವರ್ಷದಲ್ಲಿ ಭಾರತದ ಐಟಿ ಉದ್ಯಮ ಸುಮಾರು 4.5 ಲಕ್ಷ ಉದ್ಯೋಗ ಹೆಚ್ಚಿಸಿಕೊಂಡಿತು ಎಂದು ಉದ್ಯಮದ ಸಂಘಟನೆ ನಾಸ್ಕಾಂ ಲೆಕ್ಕ ಕೊಟ್ಟಿತ್ತು. ಕೈಯಲ್ಲಿ ಮೂರು ಆಫರ್ ಲೆಟರ್ ಇಟ್ಟುಕೊಂಡ ಹುಡುಗರು ಆಗ ಪ್ರತಿ ಬೀದಿಯಲ್ಲೂ ಇದ್ದರು. ಸಿವಿಲ್, ಮೆಕ್ಯಾನಿಕಲ್ ಎಂದು ಮನಸ್ಸು ಮಾಡಿದ್ದವರನ್ನೂ ಮನೆಯವರು ಸಿಎಸ್‌ಗೆ ತಿರುಗಿಸಿದರು. ಅದು ತಪ್ಪು ಲೆಕ್ಕವೇನೂ ಆಗಿರಲಿಲ್ಲ, ಆವತ್ತಿನ ಲೆಕ್ಕ.

ನೀವು ಮೊದಲ ಸೆಮಿಸ್ಟರ್ ಮುಗಿಸುವಷ್ಟರಲ್ಲೇ ಗಾಳಿ ತಿರುಗಿತ್ತು. 2022ರ ಮಾರ್ಚ್‌ನಿಂದ ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿ ಏರಿಸುತ್ತ ಹೋಗಿ, 2023ರ ಜುಲೈ ಹೊತ್ತಿಗೆ ಅದು ಶೇ 5.25ರ ಮೇಲೆ ಹೋಯಿತು. ನಮ್ಮ ಐಟಿ ಸೇವಾ ಕಂಪನಿಗಳ ದೊಡ್ಡ ಗಿರಾಕಿಗಳು ಅಲ್ಲಿಯ ಬ್ಯಾಂಕುಗಳು, ವಿಮಾ ಕಂಪನಿಗಳು, ಮಾರಾಟ ಮಳಿಗೆಗಳು. ಅವು ಖರ್ಚಿಗೆ ಕತ್ತರಿ ಹಾಕಿದರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೊಸಬರ ಬ್ಯಾಚ್ ನಿಲ್ಲುತ್ತದೆ. ಮೆಟಾ 2022ರ ನವೆಂಬರ್‌ನಲ್ಲಿ 11 ಸಾವಿರ, ಗೂಗಲ್ 2023ರ ಜನವರಿಯಲ್ಲಿ 12 ಸಾವಿರ ಜನರನ್ನು ತೆಗೆಯುವುದಾಗಿ ಹೇಳಿದವು. 2024ರ ಮಾರ್ಚ್‌ಗೆ ಕೊನೆಗೊಂಡ ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರರಲ್ಲೂ ಸೇರಿ ನೌಕರರ ಸಂಖ್ಯೆ ಸುಮಾರು 64 ಸಾವಿರ ಇಳಿಯಿತು. ಆ ವರ್ಷ ಇಡೀ ಉದ್ಯಮದ ನಿವ್ವಳ ಹೆಚ್ಚಳ 60 ಸಾವಿರ, ಮರುವರ್ಷ 1.26 ಲಕ್ಷ ಎಂದು ನಾಸ್ಕಾಂ ಅಂದಾಜು ಮಾಡಿತು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು.

ಇಷ್ಟೆಲ್ಲ ಅಂಕಿ ಹೇಳಿದ್ದು ನಿಮ್ಮನ್ನು ಹೆದರಿಸಲಿಕ್ಕಲ್ಲ. ಪ್ಲೇಸ್‌ಮೆಂಟ್ ಆಗದ ಮಗ, ಮಗಳು ಮನೆಯಲ್ಲಿ ತಪ್ಪಿತಸ್ಥರಂತೆ ತಲೆ ತಗ್ಗಿಸಿ ಕೂರುವುದನ್ನು ನೋಡಿದ್ದೇನೆ. "ಪಕ್ಕದ ಮನೆಯವನಿಗೆ ಸಿಕ್ಕಿತ್ತಲ್ಲ, ನಿನಗೇಕೆ ಸಿಗಲಿಲ್ಲ?" ಎಂದು ಕೇಳುವ ಹಿರಿಯರಿಗೆ ಈ ಅಂಕಿಗಳನ್ನು ತೋರಿಸಿ. ಪಕ್ಕದ ಮನೆಯವನು 2021ರಲ್ಲಿ ಪಾಸಾದವನು. ನೀವು 2026ರಲ್ಲಿ ಪಾಸಾಗುವವರು. ಇಬ್ಬರ ಬುದ್ಧಿಯಲ್ಲಿರುವ ಅಂತರಕ್ಕಿಂತ ಈ ಐದು ವರ್ಷಗಳ ಅಂತರವೇ ದೊಡ್ಡದು.

ಇದರ ನಡುವೆ ಸೀಟುಗಳು ಮಾತ್ರ ಏರುತ್ತಲೇ ಹೋದವು. ಒಂದು ಕಾಲೇಜಿನಲ್ಲಿ ಒಂದು ಬ್ರ್ಯಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನು ಎಐಸಿಟಿಇ 2024ರಿಂದ ತೆಗೆದುಹಾಕಿತು. ಬೇರೆ ಬ್ರ್ಯಾಂಚುಗಳನ್ನು ಮುಚ್ಚಿ ಸಿಎಸ್, ಎಐ-ಎಂಎಲ್, ಡೇಟಾ ಸೈನ್ಸ್ ಎಂದು ಬೋರ್ಡು ಬದಲಿಸಿದ ಕಾಲೇಜುಗಳಿವೆ. ಬೋರ್ಡು ಬದಲಿಸಿದಷ್ಟು ಬೇಗ ಪಾಠ ಹೇಳುವವರನ್ನು ತಯಾರು ಮಾಡಲು ಆಗುವುದಿಲ್ಲ. ಆಡಳಿತ ಮಂಡಳಿಯವರು ಈ ಪತ್ರ ಓದುತ್ತಿದ್ದರೆ ಅವರಿಗೆ ನನ್ನ ಮಾತು ಇಷ್ಟೇ: ಲ್ಯಾಬಿನಲ್ಲಿ ಪ್ರೋಗ್ರಾಂ ಬರೆದು ತೋರಿಸಬಲ್ಲ ಮೇಷ್ಟ್ರಿಲ್ಲದೆ ಸೀಟು ಹೆಚ್ಚಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಇನ್ನು ಎಐ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಹೊರಬಂತು. ಅದರೊಂದಿಗೇ ನಿಮ್ಮ ಪದವಿಯೂ ಶುರುವಾಯಿತು ಎನ್ನಬಹುದು. ಹೊಸಬರಿಗೆ ಇದರಿಂದ ಪೆಟ್ಟು ಬಿದ್ದಿಲ್ಲ ಎಂದು ನಾನು ಹೇಳಲಾರೆ. 2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎರಿಕ್ ಬ್ರಿನ್ಯಾಲ್ಫ್‌ಸನ್ ಮತ್ತು ಅವರ ಸಂಗಡಿಗರು ಅಮೆರಿಕದ ಸಂಬಳದ ದಾಖಲೆಗಳನ್ನು ಹಿಡಿದು ನೋಡಿದರು. 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ಡೆವಲಪರ್‌ಗಳ ಉದ್ಯೋಗ 2022ರ ಕೊನೆಯಲ್ಲಿದ್ದುದಕ್ಕಿಂತ ಸುಮಾರು ಶೇ 20 ಇಳಿದಿತ್ತು. ಅದೇ ಕೆಲಸದಲ್ಲಿರುವ ಹಿರಿಯರ ಸಂಖ್ಯೆ ಹಾಗೆ ಇಳಿದಿರಲಿಲ್ಲ. ಅದು ಅಮೆರಿಕದ ಲೆಕ್ಕ, ನಮ್ಮದಲ್ಲ. ಇಳಿಕೆಯಲ್ಲಿ ಎಐಯ ಪಾಲೆಷ್ಟು, ಬಡ್ಡಿ ದರದ ಪಾಲೆಷ್ಟು ಎಂಬ ವಾದವೂ ನಡೆದಿದೆ. ಆದರೂ ನಾನು ಕೂತ ಮೇಜಿನಿಂದ ಕಾಣುವುದು ಆ ಲೆಕ್ಕಕ್ಕೆ ಹೊಂದುತ್ತದೆ. ಮೊದಲು ಹೊಸಬರಿಗೆ ಕೊಡುತ್ತಿದ್ದ ಚಿಕ್ಕಪುಟ್ಟ ಕೆಲಸಗಳನ್ನು, ಅಂದರೆ ಒಂದು ಫಾರ್ಮ್ ಬರೆಯುವುದು, ಟೆಸ್ಟ್ ಕೇಸ್ ಬರೆಯುವುದು, ಒಂದು ವರದಿಯ ಕಾಲಂ ಬದಲಿಸುವುದು, ಈಗ ಹಿರಿಯ ಡೆವಲಪರ್ ತಾನೇ ಎಐ ಕೈಯಲ್ಲಿ ಮಾಡಿಸಿಕೊಳ್ಳುತ್ತಾನೆ. ಹಾಗಾದರೆ ಹೊಸಬರಿಗೆ ಉಳಿದಿರುವುದೇನು?

ಒಂದೇ ವಾರದಲ್ಲಿ ನಡೆದ ಎರಡು ಸಂದರ್ಶನಗಳನ್ನು ಹೇಳುತ್ತೇನೆ. ಮೊದಲನೆಯ ಹುಡುಗನ ರೆಸ್ಯೂಮೆಯಲ್ಲಿ ಮುಖ ಗುರುತಿಸಿ ಹಾಜರಿ ಹಾಕುವ ಪ್ರಾಜೆಕ್ಟ್ ಇತ್ತು. ಇದೇ ಪ್ರಾಜೆಕ್ಟನ್ನು, ಇದೇ ಚಿತ್ರಗಳೊಂದಿಗೆ, ನಾನು ಬೇರೆ ಬೇರೆ ಕಾಲೇಜುಗಳ ರೆಸ್ಯೂಮೆಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ; ಪ್ರಾಜೆಕ್ಟ್ ಮಾರುವ ಅಂಗಡಿಗಳು ಎಲ್ಲಿವೆ ಎಂದು ನಿಮಗೂ ಗೊತ್ತು. ಅವನಿಗೆ ಕೇಳಿದೆ: "ಅವಳಿ ಮಕ್ಕಳು ಒಂದೇ ಕ್ಲಾಸಿನಲ್ಲಿದ್ದರೆ ನಿನ್ನ ಪ್ರೋಗ್ರಾಂ ಏನು ಮಾಡುತ್ತದೆ? ಯಾರೋ ಮೊಬೈಲಿನಲ್ಲಿರುವ ಫೋಟೊ ಹಿಡಿದು ತೋರಿಸಿದರೆ?" ಅವನು ನಿಖರತೆ ಶೇ 98 ಎಂದ. ಯಾವ ಫೋಟೊಗಳ ಮೇಲೆ ಅಳೆದದ್ದು ಎಂದರೆ ಉತ್ತರವಿರಲಿಲ್ಲ. ಜಾಣ ಹುಡುಗ. ಕೋಡಿಂಗ್ ಟೆಸ್ಟಿನಲ್ಲಿ ಅಂಕ ಚೆನ್ನಾಗಿತ್ತು. ತನ್ನದೆಂದು ಹೇಳಿದ ಕೆಲಸದೊಳಕ್ಕೆ ಅವನು ಒಮ್ಮೆಯೂ ಇಳಿದು ನೋಡಿರಲಿಲ್ಲ, ಅಷ್ಟೇ.

ಎರಡನೆಯವಳು ಹಾಸನ ಕಡೆಯ ಹುಡುಗಿ. ಅವರ ಮನೆಯವರು ಹಾಲು ಹಾಕುವ ಡೇರಿಗೆ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದಳು. ಬೆಳಿಗ್ಗೆ, ಸಂಜೆ ಕ್ಯಾನು ತಂದವರ ಹಾಲಿನ ಅಳತೆ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟ ಘನಾಂಶ) ದಾಖಲಾಗಬೇಕು. ಬಟವಾಡೆಯ ದಿನ ಯಾರಿಗೆ ಎಷ್ಟು ಎಂದು ಲೆಕ್ಕ ಬರಬೇಕು. ನೋಡಲು ಏನೂ ಅಲ್ಲದ ಕೆಲಸ. ಕೋಡಿನ ಬಹುಪಾಲನ್ನು ಎಐ ಬರೆದುಕೊಟ್ಟಿತು ಎಂದು ಅವಳೇ ಹೇಳಿದಳು. ಆದರೆ ಬಳಸತೊಡಗಿದ ಮೇಲೆ ಲೆಕ್ಕ ತಾಳೆಯಾಗಲಿಲ್ಲ. ಹಾಲು ಅಳೆಯುವ ಹೊತ್ತಿನಲ್ಲೇ ಕರೆಂಟು ಹೋಗಿ ಬಂದರೆ, ಪರದೆಯಲ್ಲಿ ಏನೂ ಕಾಣದ್ದರಿಂದ ಡೇರಿಯ ಕಾರ್ಯದರ್ಶಿ ಅದೇ ಅಳತೆಯನ್ನು ಮತ್ತೆ ಒತ್ತುತ್ತಿದ್ದರು. ಒಬ್ಬರ ಹಾಲು ಎರಡು ಸಲ ಏರುತ್ತಿತ್ತು. ಸದಸ್ಯರ ನಂಬರು, ದಿನಾಂಕ, ಬೆಳಿಗ್ಗೆಯೋ ಸಂಜೆಯೋ ಎಂಬುದು, ಈ ಮೂರನ್ನೂ ಸೇರಿಸಿ ಒಂದು ಯುನೀಕ್ ಕೀ ಮಾಡಿದಳು. ಅದೇ ದಾಖಲೆ ಎರಡನೇ ಸಲ ಬಂದರೆ ಡೇಟಾಬೇಸೇ ಬೇಡ ಎನ್ನುವಂತಾಯಿತು.

"ಒಬ್ಬರೇ ಬೆಳಿಗ್ಗೆ ಎರಡು ಕ್ಯಾನು ತಂದರೆ?" ಎಂದು ಕೇಳಿದೆ.

"ಎಮ್ಮೆ ಹಾಲನ್ನು ಬೇರೆ ಕ್ಯಾನಿನಲ್ಲಿ ತರೋರು ಇದ್ದಾರೆ ಸಾರ್. ಮೊದಲ ವಾರ ಅವರದ್ದು ತಪ್ಪಿಹೋಗಿ ಜಗಳ ಆಯ್ತು. ಆಮೇಲೆ ಹಾಲಿನ ಬಗೆಯನ್ನೂ ಕೀಗೆ ಸೇರಿಸಿದೆ" ಎಂದಳು.

ನಾನು ಮುಂದೆ ಹೆಚ್ಚು ಕೇಳಲಿಲ್ಲ. ಕೋಡ್ ಬರೆದುಕೊಟ್ಟ ಎಐಗೆ ಆ ಊರಲ್ಲಿ ಯಾವಾಗ ಕರೆಂಟು ಹೋಗುತ್ತದೆ, ಕಾರ್ಯದರ್ಶಿ ಏನನ್ನು ಎರಡು ಸಲ ಒತ್ತುತ್ತಾರೆ ಎಂಬುದು ಗೊತ್ತಿರಲಿಲ್ಲ. ಅದನ್ನು ತಿಳಿದುಕೊಂಡದ್ದು ಡೇರಿಯ ಬಾಗಿಲಲ್ಲಿ ನಿಂತವಳು. ಹಣ ವರ್ಗಾಯಿಸುವ ಯಾವ ದೊಡ್ಡ ವ್ಯವಸ್ಥೆ ಕಟ್ಟುವವರಿಗೂ ಇದೇ ತಲೆನೋವು: ನಡುವೆ ಸಂಪರ್ಕ ಕಡಿದರೆ ಅದೇ ಮೊತ್ತ ಎರಡು ಸಲ ಹೋಗಬಾರದು. ಯುಪಿಐ ಕಟ್ಟುವವರೂ ಇದನ್ನು ಬಿಡಿಸಲೇಬೇಕು. ಪುಸ್ತಕದ ಡಿಬಿಎಂಎಸ್ ಪಾಠದಲ್ಲಿ ಇರುವುದೂ ಇದೇ. ನೀವು ಆ ಪಾಠವನ್ನು ಪರೀಕ್ಷೆಗೆಂದು ಓದಿದ್ದೀರಿ, ಅವಳಿಗೆ ಅದು ಜಗಳದಲ್ಲಿ ಅರ್ಥವಾಯಿತು.

ಆದ್ದರಿಂದ ನನ್ನ ಸಲಹೆಗಳಲ್ಲೆಲ್ಲ ಮುಖ್ಯವಾದದ್ದು ಇದು. ಹತ್ತು ಕೋರ್ಸುಗಳ ಸರ್ಟಿಫಿಕೇಟಿಗಿಂತ, ನಿಮ್ಮವರಲ್ಲದ ಐದು ಜನ ದಿನವೂ ಬಳಸುವ ಒಂದೇ ಒಂದು ಪ್ರೋಗ್ರಾಂ ಮಾಡಿ. ಊರಿನ ಔಷಧಿ ಅಂಗಡಿ, ಅಡಿಕೆ ಮಂಡಿ, ಟ್ಯೂಷನ್ ಕ್ಲಾಸು, ಗ್ರಂಥಾಲಯ, ಯಾವುದಾದರೂ ಸರಿ. ಅದು ಕೆಟ್ಟು ನಿಲ್ಲಲಿ, ಬೈಸಿಕೊಳ್ಳಿ, ರಿಪೇರಿ ಮಾಡಿ. ಎಐ ಬಳಸಿ, ಖಂಡಿತ ಬಳಸಿ. ಈಗ ಅದನ್ನು ಬಳಸಲು ಬಾರದವರನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಆದರೆ ಅದು ಬರೆದ ಒಂದೊಂದು ಸಾಲಿಗೂ ನೀವು ಉತ್ತರ ಕೊಡುವಂತಿರಬೇಕು. ಅದರ ಜೊತೆಗೆ ಬೇರೆಯವರು ಬರೆದ ಕೋಡನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಕಂಪನಿಯಲ್ಲಿ ನಿಮ್ಮ ಮೊದಲ ವರ್ಷ ಕಳೆಯುವುದು ಹಳೆಯ ಕೋಡ್ ಓದುವುದರಲ್ಲೇ. ಮುಕ್ತ ತಂತ್ರಾಂಶದ ಯಾವುದಾದರೂ ಒಂದು ಯೋಜನೆಯಲ್ಲಿ ಸಣ್ಣದೊಂದು ದೋಷ ಹುಡುಕಿ ಸರಿಪಡಿಸಿ ಕಳಿಸಿ. ಮೊದಲ ಸಲ ತಿರಸ್ಕರಿಸುತ್ತಾರೆ, ಏಕೆಂದೂ ಬರೆಯುತ್ತಾರೆ. ಆ ಬರಹ ನಿಮಗೆ ಪುಕ್ಕಟೆಯಾಗಿ ಸಿಗುವ ಒಳ್ಳೆಯ ಮೇಷ್ಟ್ರು.

ಕೆಲಸ ಎಲ್ಲೆಲ್ಲಿದೆ? ನಾಲ್ಕೈದು ದೊಡ್ಡ ಸೇವಾ ಕಂಪನಿಗಳ ಹೆಸರನ್ನೇ ಜಪಿಸುತ್ತ ಕೂರಬೇಡಿ. ಅಲ್ಲಿ ಹೊಸಬರ ಸಂಬಳ ಹತ್ತು-ಹದಿನೈದು ವರ್ಷಗಳಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಪಿಜಿ ಬಾಡಿಗೆ, ಊಟ, ಬಸ್ಸು ಕಳೆದರೆ ಬೆಂಗಳೂರಿನಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಸಿಕ್ಕರೆ ಬಿಡಬೇಡಿ, ಸಿಗದಿದ್ದರೆ ಪ್ರಪಂಚ ಮುಳುಗಿತೆಂದೂ ತಿಳಿಯಬೇಡಿ. ಈಗ ಬೆಂಗಳೂರಿನಲ್ಲಿ ಬೆಳೆಯುತ್ತಿರುವುದು ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳು, ಎಲ್ಲರೂ ಜಿಸಿಸಿ ಎನ್ನುವವು. ದೇಶದಲ್ಲಿ ಅಂಥ 1,700ಕ್ಕೂ ಹೆಚ್ಚು ಕೇಂದ್ರಗಳಿವೆ, ಸುಮಾರು 19 ಲಕ್ಷ ಜನ ಕೆಲಸ ಮಾಡುತ್ತಾರೆ ಎಂದು 2024ರ ನಾಸ್ಕಾಂ-ಜಿನ್ನೋವ್ ವರದಿ ಹೇಳಿತು. ಬೇರಾವ ನಗರಕ್ಕಿಂತ ಹೆಚ್ಚು ಕೇಂದ್ರಗಳಿರುವುದು ಬೆಂಗಳೂರಿನಲ್ಲಿ. ಇವು ನಿಮ್ಮ ಕಾಲೇಜಿಗೆ ಬರುವುದು ಅಪರೂಪ. ಇವಕ್ಕೆ ದಾರಿ ಇಂಟರ್ನ್‌ಶಿಪ್ ಮತ್ತು ಒಳಗಿರುವ ಸೀನಿಯರ್‌ಗಳ ರೆಫರಲ್. ಸೀನಿಯರ್‌ಗೆ ಸಂದೇಶ ಕಳಿಸುವಾಗ "ಅಣ್ಣ, ಏನಾದ್ರೂ ಓಪನಿಂಗ್ ಇದ್ರೆ ಹೇಳಿ" ಎಂದಷ್ಟೇ ಬರೆದರೆ ಅವರು ಏನು ಮಾಡಲು ಸಾಧ್ಯ? ಆ ಕಂಪನಿಯ ಯಾವ ಹುದ್ದೆ, ಅದಕ್ಕೆ ನೀವು ಮಾಡಿರುವ ಯಾವ ಕೆಲಸ ಹೊಂದುತ್ತದೆ ಎಂದು ನಾಲ್ಕು ಸಾಲು ಬರೆಯಿರಿ.

ಆಪರೇಟಿಂಗ್ ಸಿಸ್ಟಂ, ಕಂಪ್ಯೂಟರ್ ಆರ್ಗನೈಸೇಷನ್ ವಿಷಯಗಳಲ್ಲಿ ನಿಮಗೆ ನಿಜವಾದ ಆಸಕ್ತಿಯಿದ್ದರೆ ಎಂಬೆಡೆಡ್ ಕಡೆ ನೋಡಿ. ಈಗಿನ ಕಾರು, ವೈದ್ಯಕೀಯ ಯಂತ್ರ, ವಿದ್ಯುತ್ ಮೀಟರು ಎಲ್ಲದರೊಳಗೂ ಸಿ ಭಾಷೆಯ ಕೋಡ್ ಓಡುತ್ತಿರುತ್ತದೆ, ಆ ಕೆಲಸ ಬಲ್ಲವರು ಕಡಿಮೆ. ಸರ್ಕಾರಿ ದಾರಿಯೂ ಇದೆ: ಇಸ್ರೊ ಕಂಪ್ಯೂಟರ್ ಸೈನ್ಸ್ ಪದವೀಧರರನ್ನು ವಿಜ್ಞಾನಿ/ಇಂಜಿನಿಯರ್ ಹುದ್ದೆಗೆ ತೆಗೆದುಕೊಳ್ಳುತ್ತದೆ, ಬಿಇಎಲ್, ಸಿ-ಡ್ಯಾಕ್, ಎನ್‌ಐಸಿ ಇವೆ, ಬ್ಯಾಂಕುಗಳ ಐಟಿ ಅಧಿಕಾರಿ ಹುದ್ದೆಗೆ ಐಬಿಪಿಎಸ್ ಪರೀಕ್ಷೆ ಇದೆ. ಗೇಟ್ ಪಾಸಾಗಿ ಎಂ.ಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ. ಗಣಿತ ಗಟ್ಟಿಯಿರುವವರಿಗೆ ಎರಡು ವರ್ಷ ಚೆನ್ನಾಗಿ ಕಲಿಯಲು ಇದಕ್ಕಿಂತ ಮರ್ಯಾದೆಯ ದಾರಿ ನನಗೆ ಕಾಣದು. ಸುಮ್ಮನೆ ಕಾಲ ತಳ್ಳಲು ಮಾತ್ರ ಎಂ.ಟೆಕ್ ಬೇಡ. ಅಮೆರಿಕಕ್ಕೆ ಎಂ.ಎಸ್ ಓದಲು ಹೊಲ ಅಡವಿಟ್ಟು ಸಾಲ ಮಾಡುವವರು ಎರಡು ಸಲ ಯೋಚಿಸಿ. 2025ರ ಸೆಪ್ಟೆಂಬರ್‌ನಲ್ಲಿ, ಹೊರದೇಶದಿಂದ ಕರೆಸಿಕೊಳ್ಳುವವರ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಅಲ್ಲಿನ ಅಧ್ಯಕ್ಷರು ಆದೇಶ ಹೊರಡಿಸಿದರು. ಅಲ್ಲಿಯ ನಿಯಮ ಯಾವಾಗ ಹೇಗೆ ಬದಲಾಗುತ್ತದೋ ಹೇಳಲಾಗದು. ನಿಮ್ಮ ಸಾಲದ ಕಂತು ಮಾತ್ರ ಬದಲಾಗುವುದಿಲ್ಲ.

ಕನ್ನಡದ ಕೆಲಸವನ್ನೂ ಒಂದು ಕ್ಷೇತ್ರವೆಂದು ಎಣಿಸಿ ಎಂದು ಕೇಳಿಕೊಳ್ಳುತ್ತೇನೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ ತಂತ್ರಾಂಶ ಇಲ್ಲದಿದ್ದರೆ ನಾವೆಲ್ಲ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಇನ್ನೆಷ್ಟು ತಡವಾಗುತ್ತಿತ್ತೋ. ಈಗ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ, ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡ ಭಾರತೀಯ ಭಾಷೆಗಳ ಮಾತು, ಅನುವಾದದ ಮೇಲೆ ಕೆಲಸ ಮಾಡುತ್ತಿವೆ. ಕಲಬುರಗಿಯ ಮಾತು, ಮಂಗಳೂರಿನ ಮಾತು, ಚಾಮರಾಜನಗರದ ಮಾತು ಮೂರನ್ನೂ ಯಂತ್ರ ಅರ್ಥ ಮಾಡಿಕೊಳ್ಳಬೇಕಾದರೆ ಆ ಊರುಗಳಲ್ಲಿ ಬೆಳೆದ, ಪೈಥಾನ್ ಬಲ್ಲ ಮಕ್ಕಳೇ ಬೇಕು. ಅವರು ನೀವು.

ಇಷ್ಟು ಹೇಳಿದ ಮೇಲೆ, ಬೆಂಗಳೂರಿಗೆ ಬ್ಯಾಗು ಹಿಡಿದು ಬರುವವರಿಗೆ ಒಂದು ಎಚ್ಚರಿಕೆ. ಇದನ್ನು ಕಳವಳದಿಂದಲೇ ಬರೆಯುತ್ತಿದ್ದೇನೆ. ಬಿಟಿಎಂ ಲೇಔಟ್, ಮಾರತ್ತಹಳ್ಳಿಯ ಪಿಜಿಗಳಲ್ಲಿ ಕೆಲಸ ಹುಡುಕುತ್ತ ಕೂತ ಸಾವಿರಾರು ಮಕ್ಕಳ ಸುತ್ತ ಒಂದು ವ್ಯಾಪಾರವೇ ಬೆಳೆದಿದೆ. "ಬ್ಯಾಕ್‌ಡೋರ್ ಕೆಲಸ ಕೊಡಿಸುತ್ತೇವೆ, ಎರಡು ಲಕ್ಷ ಕೊಡಿ" ಎನ್ನುವವರಿದ್ದಾರೆ. ಮೂರು ವರ್ಷದ ಅನುಭವದ ಸುಳ್ಳು ಪತ್ರ, ಸುಳ್ಳು ಸಂಬಳ ಚೀಟಿ ಮಾಡಿಕೊಡುವವರಿದ್ದಾರೆ. ಒಡವೆ ಅಡವಿಟ್ಟು ದುಡ್ಡು ಕಳಿಸಿದ ತಾಯಂದಿರನ್ನು ನಾನು ಬಲ್ಲೆ. ಕೆಲವರಿಗೆ ಆಫರ್ ಲೆಟರ್ ಕೈಗೆ ಬರುತ್ತದೆ, ಕಂಪನಿಯ ಬಾಗಿಲಿಗೆ ಹೋದರೆ ಅಂಥ ಹೆಸರೇ ಪಟ್ಟಿಯಲ್ಲಿರುವುದಿಲ್ಲ. ಸುಳ್ಳು ಅನುಭವ ತೋರಿಸಿ ಒಳಗೆ ಹೋದವರ ಕತೆ ಇನ್ನೂ ಕೆಟ್ಟದ್ದು. ಪಿಎಫ್ ಖಾತೆಯ ಯುಎಎನ್ ನಂಬರಿನಲ್ಲಿ ನೀವು ಎಲ್ಲಿ, ಯಾವಾಗ ಕೆಲಸ ಮಾಡಿದಿರಿ ಎಂಬುದೆಲ್ಲ ಕಾಣುತ್ತದೆ. ಹಿನ್ನೆಲೆ ಪರಿಶೀಲನೆ ಸೇರಿದ ಮೇಲೂ ನಡೆಯುತ್ತದೆ. ಸಿಕ್ಕಿಬಿದ್ದರೆ ಆ ದಿನವೇ ಹೊರಗೆ, ಮತ್ತೆ ಆ ಕಂಪನಿಯ ಬಾಗಿಲು ಮುಚ್ಚಿದಂತೆ. ಕೆಲಸ ಕೊಡುವವರು ಹಣ ಕೊಡುತ್ತಾರೆ, ಕೇಳುವುದಿಲ್ಲ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ವೆಚ್ಚ, ಹೆಸರು ಏನೇ ಇರಲಿ, ಒಂದು ರೂಪಾಯಿಯನ್ನೂ ಕೊಡಬೇಡಿ. ಮೂಲ ಅಂಕಪಟ್ಟಿಯನ್ನು ಒತ್ತೆಯಾಗಿ ಇಟ್ಟುಕೊಳ್ಳುತ್ತೇವೆ ಎನ್ನುವ ಕಡೆ ಸಹಿ ಹಾಕಬೇಡಿ.

ಆಗಲೇ ಮೋಸ ಹೋಗಿದ್ದರೆ ಮುಚ್ಚಿಡಬೇಡಿ. ಪೊಲೀಸರಿಗೆ ದೂರು ಕೊಡಿ. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಪಾಸಾಗಿ ಕೆಲಸವಿಲ್ಲದೆ ಕಳೆಯುವ ತಿಂಗಳುಗಳು ಬರಬಹುದು. ಆ ಹೊತ್ತಿನಲ್ಲಿ ಊರಿನಲ್ಲಿದ್ದೇ ಕಲಿಯುವುದರಲ್ಲಿ ಅವಮಾನವೇನಿಲ್ಲ. ಎರಡು ಮೂರು ಸಾವಿರಕ್ಕೆ ಊರಿನವರಿಗೆ ವೆಬ್‌ಸೈಟ್ ಮಾಡಿಕೊಟ್ಟು ಕೈ ಪಳಗಿಸಿಕೊಂಡವರು ನನ್ನ ತಂಡದಲ್ಲೇ ಇದ್ದಾರೆ. ಹುಬ್ಬಳ್ಳಿ, ಮೈಸೂರು, ಮಂಗಳೂರಿನ ಸಣ್ಣ ಕಂಪನಿಗಳಲ್ಲಿ ಕಡಿಮೆ ಸಂಬಳಕ್ಕೆ ಸೇರಿದರೂ ನಷ್ಟವಿಲ್ಲ. ಅಲ್ಲಿ ಮೊದಲ ತಿಂಗಳೇ ನಿಜವಾದ ಗಿರಾಕಿಯ ಕೆಲಸ ಕೈಗೆ ಬರುತ್ತದೆ. ಒಂದು ವರ್ಷದ ನಿಜವಾದ ಅನುಭವ ಇರುವವರಿಗೆ ಮುಂದಿನ ಬಾಗಿಲು ಹೊಸಬರಿಗಿಂತ ಸುಲಭವಾಗಿ ತೆರೆಯುತ್ತದೆ.

ಕೊನೆಗೆ ಸಾಲದ ವಿಷಯ. ನಿಮ್ಮಲ್ಲಿ ಅನೇಕರ ಓದು ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ನಡೆದಿದೆ. ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗುವುದಿಲ್ಲ, ಆದರೆ ಬಡ್ಡಿ ಸೇರುತ್ತಲೇ ಇರುತ್ತದೆ. ನಿಮ್ಮ ಸಾಲದ ಪತ್ರ ತೆಗೆದು ಆ ದಿನಾಂಕ ಯಾವುದೆಂದು ಈ ವಾರವೇ ನೋಡಿ. ಅಪ್ಪ-ಅಮ್ಮನ ಜೊತೆ ಕೂತು ಲೆಕ್ಕ ಹಾಕಿ. ಆ ದಿನಾಂಕ ಹತ್ತಿರ ಬಂದರೂ ಕೆಲಸ ಸಿಗದಿದ್ದರೆ, ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ, ಅವಧಿ ವಿಸ್ತರಿಸಲು ಬರವಣಿಗೆಯಲ್ಲಿ ಅರ್ಜಿ ಕೊಡಿ. ಮನೆಯವರಿಂದ ಮುಚ್ಚಿಟ್ಟು ಒಬ್ಬರೇ ಹೊರಬೇಡಿ.

ನಿಮ್ಮ ಹಿತೈಷಿ,
ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್